ಹ್ಯಾಂಗ್ಡ್ ಮ್ಯಾನ್ ಕಾರ್ಡು ಬಂದರೆ ಅದು ಅಪಶಕುನವೇ?

ಪ್ರಶ್ನೆ: ನಾನು ಮೈಸೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ವಿನ್ಯಾಸಕಿಯಾಗಿದ್ದೇನೆ. ಪುಣೆಯಿಂದ ಹೆಚ್ಚು ಸಂಬಳದ ಕೆಲಸಕ್ಕೆ ಕರೆ ಬಂದಿದೆ, ತಿಂಗಳೊಳಗೆ ಉತ್ತರ ಕೊಡಬೇಕು. ಟ್ಯಾರೋ, ಅಂದರೆ ಭವಿಷ್ಯ ಹೇಳಲು ಬಳಸುವ ಚಿತ್ರದ ಕಾರ್ಡುಗಳನ್ನು ಓದುವವರೊಬ್ಬರನ್ನು ಕೇಳಿದಾಗ ಅವರು ಹತ್ತು ಕಾರ್ಡುಗಳನ್ನು ಜೋಡಿಸಿಡುವ ಸೆಲ್ಟಿಕ್ ಕ್ರಾಸ್ ಹಾಕಿದರು. ಮೊದಲನೆಯ ಜಾಗದಲ್ಲಿ ಎಂಟು ಪೆಂಟಕಲ್ಸ್ (ಬಿಲ್ಲೆಗಳು), ಒಂಬತ್ತನೆಯದರಲ್ಲಿ ಚಾರಿಯಟ್ (ರಥ), ಹತ್ತನೆಯದರಲ್ಲಿ ಹ್ಯಾಂಗ್ಡ್ ಮ್ಯಾನ್ (ತಲೆಕೆಳಗಾಗಿ ನೇತಾಡುವ ಮನುಷ್ಯ) ಬಂತು. ಕೊನೆಯ ಕಾರ್ಡನ್ನು ನೋಡಿ ಅವರು, ಇದು ನೇಣಿನ ಕಾರ್ಡು, ನಂಬಿದವರೇ ಕೈಕೊಡುತ್ತಾರೆ, ಪರಿಹಾರ ಮಾಡಿಸಿಕೊಳ್ಳಿ ಎಂದರು. ಟ್ಯಾರೋ ಕಲಿಯುತ್ತಿರುವ ನನ್ನ ಗೆಳತಿ ಇದು ಬಹಳ ಒಳ್ಳೆಯ, ಆಧ್ಯಾತ್ಮಿಕ ಕಾರ್ಡು ಎನ್ನುತ್ತಾಳೆ. ಯಾರ ಮಾತು ಸರಿ? ಈ ಕಾರ್ಡು ತಿರುಗುಮುರುಗಾಗಿ ಬಂದರೆ ಆ ಮನುಷ್ಯ ನೆಟ್ಟಗೆ ನಿಂತಂತೆ ಕಾಣುತ್ತಾನಲ್ಲ, ಆಗ ಅರ್ಥವೂ ಒಳ್ಳೆಯದಾಗುತ್ತದೆಯೇ?

ಉತ್ತರ: ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸುವ ಮಾತನ್ನೇ ಹೇಳುತ್ತೇನೆ. ಇಂದು ಬಳಕೆಯಲ್ಲಿರುವ ಟ್ಯಾರೋ ಪದ್ಧತಿಯಲ್ಲಿ ಹ್ಯಾಂಗ್ಡ್ ಮ್ಯಾನ್ ಸಾವನ್ನಾಗಲಿ, ಶಿಕ್ಷೆಯನ್ನಾಗಲಿ, ಬರಲಿರುವ ಕೇಡನ್ನಾಗಲಿ ಸೂಚಿಸುವ ಕಾರ್ಡಲ್ಲ. ತಾನಾಗಿ ಒಪ್ಪಿಕೊಂಡು ತಡೆದು ನಿಲ್ಲುವುದು, ಹಾಗೆ ನಿಂತಾಗ ಬದಲಾಗುವ ನೋಟ, ಅದಕ್ಕಾಗಿ ಬಿಟ್ಟುಕೊಡಬೇಕಾದದ್ದು ಇವೇ ಅದರ ವಿಷಯ. ಆದರೂ ನಿಮಗೆ ಕಾರ್ಡು ಓದಿದವರ ಮಾತು ಬುಡವಿಲ್ಲದ್ದು ಎಂದು ನಾನು ಹೇಳಲಾರೆ. ಈ ಚಿತ್ರ ಹುಟ್ಟಿದ ಕಾಲದಲ್ಲಿ, ಹುಟ್ಟಿದ ನಾಡಿನಲ್ಲಿ, ಅದು ದ್ರೋಹಿಯ ಚಿತ್ರವೇ ಆಗಿತ್ತು. ಗೆಳತಿ ಹೇಳುವ ಅರ್ಥ ಅದಕ್ಕೆ ಕೂಡಿಕೊಂಡದ್ದು ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲದ ನಂತರ. ಈ ಎರಡನ್ನೂ ಬೇರೆ ಬೇರೆಯಾಗಿ ತಿಳಿದುಕೊಂಡರೆ ಮಾತ್ರ ಈ ಕಾರ್ಡನ್ನು ಅಂಜಿಕೆಯಿಲ್ಲದೆ, ಅತಿಯಾದ ಭಕ್ತಿಯೂ ಇಲ್ಲದೆ ಓದಲು ಸಾಧ್ಯವಾಗುತ್ತದೆ.

ನಿಮ್ಮ ಮುಂದೆ ಇಟ್ಟದ್ದು ರೈಡರ್–ವೇಟ್ ಡೆಕ್ (ಕಾರ್ಡುಗಳ ಕಟ್ಟು) ಎಂದು ಭಾವಿಸುತ್ತೇನೆ, ಏಕೆಂದರೆ ಇಂದು ಕಲಿಯುವವರ ಕೈಗೆ ಮೊದಲು ಸಿಗುವುದು ಅದೇ ಅಥವಾ ಅದನ್ನು ಅನುಸರಿಸಿ ಬರೆದ ಡೆಕ್. ಆರ್ಥರ್ ಎಡ್ವರ್ಡ್ ವೇಟ್ ಅವರ ಮಾರ್ಗದರ್ಶನದಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರಿಸಿದ ಆ 78 ಕಾರ್ಡುಗಳನ್ನು ಲಂಡನ್ನಿನ ವಿಲಿಯಂ ರೈಡರ್ ಸಂಸ್ಥೆ 1909ರ ಡಿಸೆಂಬರಿನಲ್ಲಿ ಹೊರತಂದಿತು. ಹಲವು ದಶಕಗಳ ಕಾಲ ಡೆಕ್ಕಿನ ಹೆಸರಿನಲ್ಲಿ ಪ್ರಕಾಶಕರಿಗೂ ವೇಟ್ ಅವರಿಗೂ ಜಾಗ ಸಿಕ್ಕಿತು, ಚಿತ್ರ ಬರೆದ ಕೈಗೆ ಸಿಗಲಿಲ್ಲ. ಕೆಲಸ ಮುಗಿದಾಗ ಸ್ಮಿತ್ ಅವರು ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಜ್ ಅವರಿಗೆ ಬರೆದ ಪತ್ರದಲ್ಲಿ, ತುಂಬ ದೊಡ್ಡ ಕೆಲಸವೊಂದನ್ನು ಬಹಳ ಕಡಿಮೆ ಹಣಕ್ಕೆ ಮಾಡಿ ಮುಗಿಸಿದೆ ಎಂದು ಹೇಳಿಕೊಂಡಿದ್ದಾರೆ. ಈಗ ಅನೇಕರು ಅದನ್ನು ವೇಟ್–ಸ್ಮಿತ್ ಡೆಕ್ ಎಂದು ಕರೆಯುತ್ತಿರುವುದು ನ್ಯಾಯವಾದದ್ದೇ ಆಗಿದೆ. ಈ ಕಾರ್ಡಿನ ಅರ್ಥದ ದೊಡ್ಡ ಪಾಲು ಇರುವುದು ಆಕೆ ಬರೆದ ಮುಖಭಾವದಲ್ಲಿ.

ಆ ಚಿತ್ರವನ್ನು ನಿಧಾನವಾಗಿ ನೋಡಿ. ನೆಟ್ಟ ಕಂಬದ ಮೇಲೆ ಅಡ್ಡಲಾಗಿ ಇನ್ನೊಂದು ತೊಲೆಯಿದ್ದು, ಎರಡೂ ಸೇರಿ ರೋಮನ್ ಲಿಪಿಯ ಟಿ ಅಕ್ಷರದ ಆಕಾರವಾಗಿದೆ. ಇದಕ್ಕೆ ಗ್ರೀಕ್ ಅಕ್ಷರದ ಹೆಸರಿನಿಂದ ಟೌ ಶಿಲುಬೆ ಎನ್ನುತ್ತಾರೆ. ಆದರೆ ಅದು ಒಣಗಿದ ನೇಣುಗಂಬವಲ್ಲ, ಮರದಿಂದ ಹಸಿರೆಲೆಗಳು ಹೊರಟಿವೆ. ಆ ಮನುಷ್ಯ ಬಲಗಾಲಿನ ಪಾದದಿಂದ ಮಾತ್ರ ತೂಗುತ್ತಿದ್ದಾನೆ, ಕುತ್ತಿಗೆಗೆ ಯಾವ ಹಗ್ಗವೂ ಇಲ್ಲ. ಎಡಗಾಲನ್ನು ಮಂಡಿಯಲ್ಲಿ ಮಡಿಸಿ ಬಲಗಾಲಿನ ಹಿಂದೆ ಅಡ್ಡಲಾಗಿ ಇಟ್ಟುಕೊಂಡಿದ್ದಾನೆ, ಅದು ಬಿಡುವಾಗಿದೆ. ಕೈಗಳು ಬೆನ್ನ ಹಿಂದಿವೆ. ನೀಲಿ ಅಂಗಿ, ಕೆಂಪು ಕಾಲುಡುಗೆ, ಹಳದಿ ಪಾದರಕ್ಷೆ. ತಲೆಯ ಸುತ್ತ ಹಳದಿ ಪ್ರಭಾವಳಿ. ಹಿನ್ನೆಲೆಯಲ್ಲಿ ಊರಿಲ್ಲ, ಜನರಿಲ್ಲ, ಬರಿದಾದ ಬೂದು ಆಕಾಶ ಮಾತ್ರ. ಇದೇ ಡೆಕ್ಕಿನ ಬೇರೆ ಅನೇಕ ಕಾರ್ಡುಗಳಲ್ಲಿ ಬೆಟ್ಟ, ನದಿ, ಕೋಟೆ, ತೋಟಗಳನ್ನು ತುಂಬಿದ ಸ್ಮಿತ್ ಇಲ್ಲಿ ಎಲ್ಲವನ್ನೂ ತೆಗೆದುಹಾಕಿರುವುದು ಗಮನಿಸಬೇಕಾದ ಸಂಗತಿ, ಏಕೆಂದರೆ ನೋಡುವವರ ಕಣ್ಣು ಆ ಮುಖವನ್ನು ಬಿಟ್ಟು ಬೇರೆಲ್ಲಿಗೂ ಹೋಗದಂತೆ ಅದು ಮಾಡುತ್ತದೆ. ಆ ಮುಖದಲ್ಲಿ ನೋವಿಲ್ಲ.

ವೇಟ್ ತಮ್ಮ ಬರವಣಿಗೆಯಲ್ಲಿ ಈ ಮೂರು ಸಂಗತಿಗಳನ್ನೇ ಒತ್ತಿ ಹೇಳಿದ್ದಾರೆ: ಮರವು ಎಲೆಗಳಿರುವ ಜೀವಂತ ಮರ, ಮುಖದಲ್ಲಿರುವುದು ಸಂಕಟವಲ್ಲದ ಆಳವಾದ ತನ್ಮಯತೆ, ಇಡೀ ಆಕೃತಿ ತಡೆದು ನಿಂತ ಬದುಕನ್ನು ಸೂಚಿಸಿದರೂ ಅದು ಬದುಕೇ ಹೊರತು ಸಾವಲ್ಲ. ಕಾಲುಗಳ ಭಂಗಿ ಫಿಲ್‌ಫಾಟ್ ಶಿಲುಬೆಯನ್ನು ಹೋಲುತ್ತದೆ ಎಂದೂ ಅವರು ಬರೆದರು. ಅದು ನಮ್ಮ ಮನೆಯ ಹೊಸ್ತಿಲಿನಲ್ಲೂ ಅಂಗಡಿಯ ಲೆಕ್ಕದ ಪುಸ್ತಕದಲ್ಲೂ ಬರೆಯುವ ಸ್ವಸ್ತಿಕದ ಆಕಾರವೇ. ಹಾಗೆಂದು ಈ ಕಾರ್ಡು ಭಾರತದಿಂದ ಹೋಯಿತೆಂದು ವಾದಿಸುವವರನ್ನು ನಂಬಬೇಡಿ, ಅದಕ್ಕೆ ಯಾವ ಆಧಾರವೂ ಇಲ್ಲ. ಆ ಹೋಲಿಕೆ 20ನೆಯ ಶತಮಾನದ ಆರಂಭದಲ್ಲಿ ಒಬ್ಬ ವಿವರಣಕಾರರು ಕಂಡದ್ದು.

ಇನ್ನು ದ್ರೋಹದ ಮಾತು. ಟ್ಯಾರೋ ಕಾರ್ಡುಗಳ ಮೊದಲ ಲಿಖಿತ ದಾಖಲೆಗಳು 1440ರ ದಶಕದ ಆರಂಭದವು, ಉತ್ತರ ಇಟಲಿಯವು. ಅಲ್ಲಿ ಅದು ಭವಿಷ್ಯ ನುಡಿಯುವ ಸಾಧನವಾಗಿರಲಿಲ್ಲ, ಅರಮನೆಗಳಲ್ಲಿ ಆಡುತ್ತಿದ್ದ ಒಂದು ಇಸ್ಪೀಟಿನಾಟವಾಗಿತ್ತು. ಆ ಕಾಲದ ಇಟಲಿಯ ನಗರಗಳಲ್ಲಿ ವಿಚಿತ್ರವಾದ ಶಿಕ್ಷೆಯೊಂದು ಜಾರಿಯಲ್ಲಿತ್ತು. ನಗರಕ್ಕೆ ದ್ರೋಹ ಬಗೆದವನು, ಮೋಸದಿಂದ ದಿವಾಳಿಯೆದ್ದವನು, ಸೈನ್ಯ ಬಿಟ್ಟು ಶತ್ರುಗಳ ಕಡೆ ಸೇರಿದವನು ತಪ್ಪಿಸಿಕೊಂಡು ಓಡಿಹೋದರೆ, ಅವನ ದೇಹ ಸಿಗದಿದ್ದರೇನು, ಮಾನವಾದರೂ ಸಿಗಲಿ ಎಂದು ಅವನ ಚಿತ್ರವನ್ನು ಸಾರ್ವಜನಿಕ ಕಟ್ಟಡದ ಗೋಡೆಯ ಮೇಲೆ ಬರೆಸುತ್ತಿದ್ದರು. ಆ ಚಿತ್ರಗಳಲ್ಲಿ ಅಪರಾಧಿಯನ್ನು ಹೆಚ್ಚಾಗಿ ಒಂದು ಕಾಲಿನಿಂದ ತಲೆಕೆಳಗಾಗಿ ನೇತುಹಾಕಿದಂತೆ ತೋರಿಸುತ್ತಿದ್ದರು. ಇಟಾಲಿಯನ್ನಿನಲ್ಲಿ ಇದಕ್ಕೆ ಪಿತ್ತೂರಾ ಇನ್‌ಫಮಾಂತೆ ಎಂದು ಹೆಸರು, ಅಂದರೆ ಅಪಕೀರ್ತಿಯ ಚಿತ್ರ. 1440ರ ಆಂಗಿಯಾರಿ ಯುದ್ಧದ ನಂತರ ಫ್ಲಾರೆನ್ಸಿನ ಬಂಡುಕೋರರನ್ನು ಹೀಗೆ ಗೋಡೆಯ ಮೇಲೆ ಬರೆದ ಆಂದ್ರೆಯಾ ದೆಲ್ ಕಸ್ತಾನ್ಯೊ ಎಂಬ ಕಲಾವಿದನಿಗೆ ನೇತಾಡುವವರ ಆಂದ್ರೆಯಾ ಎಂಬ ಅಡ್ಡಹೆಸರೇ ಅಂಟಿಕೊಂಡಿತು. ಗೋಡೆಯ ಮೇಲಿನ ಆ ಚಿತ್ರಗಳು ಅಳಿದುಹೋಗಿವೆ, ಆದರೆ ಸುಮಾರು 1530ರಲ್ಲಿ ಆಂದ್ರೆಯಾ ದೆಲ್ ಸಾರ್ತೊ ಇಂಥ ಚಿತ್ರಗಳಿಗಾಗಿ ಮಾಡಿಕೊಂಡ ಕೆಂಪು ಸೀಮೆಸುಣ್ಣದ ರೇಖಾಚಿತ್ರಗಳು ಫ್ಲಾರೆನ್ಸಿನ ಉಫೀತ್ಸಿ ಸಂಗ್ರಹದಲ್ಲಿ ಉಳಿದಿವೆ. ಅವನ್ನು ನೋಡಿದವರಿಗೆ ನಿಮ್ಮ ಕಾರ್ಡಿನ ಮನುಷ್ಯ ಎಲ್ಲಿಂದ ಬಂದನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕಿಂತ ಹತ್ತಿರದ ಸಾಕ್ಷ್ಯವೊಂದಿದೆ. 15ನೆಯ ಶತಮಾನದ ನಡುಭಾಗದ ಡೆಕ್ಕುಗಳಲ್ಲಿ ಹೆಚ್ಚು ಕಾರ್ಡುಗಳು ಉಳಿದುಬಂದಿರುವುದು ಮಿಲಾನಿನ ವಿಸ್ಕೊಂತಿ–ಸ್ಫೋರ್ಜಾ ಡೆಕ್ಕಿನಲ್ಲಿ. ಅದರ 74 ಕಾರ್ಡುಗಳು ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯ, ಬೆರ್ಗಮೊ ನಗರದ ಕರ್ರಾರಾ ಅಕಾಡೆಮಿ, ಕೊಲ್ಲಿಯೋನಿ ಮನೆತನ ಈ ಮೂರು ಕಡೆ ಹಂಚಿಹೋಗಿವೆ. ಆ ಡೆಕ್ ಮಾಡಿಸಿಕೊಂಡದ್ದು ಮಿಲಾನಿನ ಡ್ಯೂಕ್ ಫ್ರಾಂಚೆಸ್ಕೊ ಸ್ಫೋರ್ಜಾನ ಮನೆತನ. ಅವನ ತಂದೆ ಮೂತ್ಸಿಯೊ ಅತ್ತೆಂದೊಲೊ ಕೂಲಿಸೈನ್ಯದ ದಂಡನಾಯಕ. ಅವನು 1412ರಲ್ಲಿ ಪಕ್ಷ ಬದಲಿಸಿ ನೇಪಲ್ಸಿನ ದೊರೆಯ ಕಡೆ ಸೇರಿದಾಗ, ರೋಮಿನಲ್ಲಿ ಪೋಪ್ ಪದವಿಯನ್ನು ತನ್ನದೆನ್ನುತ್ತಿದ್ದ 23ನೆಯ ಜಾನ್ ನಗರದ ಸೇತುವೆ, ಬಾಗಿಲುಗಳ ಮೇಲೆ ಅವನನ್ನು ಒಂದು ಕಾಲಿನಿಂದ ನೇತುಬಿಟ್ಟಂತೆ ಚಿತ್ರ ಬರೆಸಿ, ಚರ್ಚಿಗೆ ಹನ್ನೆರಡು ದ್ರೋಹ ಬಗೆದವನೆಂದು ಅದರ ಜೊತೆ ಪದ್ಯವನ್ನೂ ಬರೆಸಿದ. ತಂದೆಗೆ ಆದ ಆ ಅವಮಾನದ ಚಿತ್ರವೇ ಮಗನ ಮನೆಯ ಆಟದ ಕಾರ್ಡುಗಳಲ್ಲಿ ಚಿನ್ನದ ಹಿನ್ನೆಲೆಯಲ್ಲಿ ಕುಳಿತಿದೆ! ಮನೆಯವರು ಅದನ್ನು ಕೈಯಲ್ಲಿ ಹಿಡಿದಾಗ ಏನನ್ನಿಸಿತೋ ಎಂದು ನಾನು ಎಷ್ಟೋ ಬಾರಿ ಯೋಚಿಸಿದ್ದೇನೆ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಅದೇ ಶತಮಾನದ ಇನ್ನೊಂದು ಇಟಾಲಿಯನ್ ಡೆಕ್ಕಿನಲ್ಲಿ ಈ ಮನುಷ್ಯ ಎರಡೂ ಕೈಗಳಲ್ಲಿ ಹಣದ ಚೀಲಗಳನ್ನು ಹಿಡಿದಿದ್ದಾನೆ. ಅದನ್ನು ನೋಡಿದ ಕ್ರೈಸ್ತ ಪ್ರೇಕ್ಷಕರಿಗೆ ಬೆಳ್ಳಿಯ ನಾಣ್ಯಗಳಿಗಾಗಿ ಯೇಸುವನ್ನು ಹಿಡಿದುಕೊಟ್ಟ ಯೂದನ ನೆನಪು ಬಾರದೆ ಇರಲು ಸಾಧ್ಯವಿರಲಿಲ್ಲ. ಇಟಲಿಯ ಆಟಗಾರರು ಈ ಕಾರ್ಡನ್ನು ದ್ರೋಹಿ ಎಂದೇ ಕರೆಯುತ್ತಿದ್ದುದೂ ಉಂಟು. ಸಾವಿನ ಕಾರ್ಡು ಇದರ ಮುಂದಿನದಾಗಿರುವುದೂ ಆ ಕಾಲದವರಿಗೆ ಸಹಜವಾಗಿಯೇ ಕಂಡಿರಬೇಕು.

ಹಾಗಾದರೆ ದ್ರೋಹಿ ಜ್ಞಾನಿಯಾದದ್ದು ಹೇಗೆ? ಇಲ್ಲಿ ಒಂದು ತಪ್ಪು ಊಹೆ ದೊಡ್ಡ ಪಾತ್ರ ವಹಿಸಿತು. ಇಟಲಿಯ ಅಪಕೀರ್ತಿಯ ಚಿತ್ರಗಳ ನೆನಪು ಮಾಸಿದ ಮೇಲೆ, 1781ರಲ್ಲಿ ಪ್ಯಾರಿಸ್ಸಿನಲ್ಲಿ ಆಂಟ್ವಾನ್ ಕೂರ್ ದ ಜೆಬೆಲಾನ್ ಎಂಬ ವಿದ್ವಾಂಸರು ಟ್ಯಾರೋ ಎಂಬುದು ಪ್ರಾಚೀನ ಈಜಿಪ್ಟಿನ ಪುರೋಹಿತರು ಬಚ್ಚಿಟ್ಟ ಜ್ಞಾನಗ್ರಂಥ ಎಂದು ಬರೆದರು. ಈಜಿಪ್ಟಿನ ಚಿತ್ರಲಿಪಿಯನ್ನು ಫ್ರೆಂಚ್ ವಿದ್ವಾಂಸ ಶಾಂಪೋಲಿಯನ್ ಓದಿದ್ದು 1822ರಲ್ಲಿ. ಅಂದರೆ ಜೆಬೆಲಾನ್ ಹಾಗೆ ಬರೆದಾಗ ಆ ಲಿಪಿಯ ಒಂದು ಸಾಲನ್ನೂ ಓದಬಲ್ಲವರು ಯೂರೋಪಿನಲ್ಲಿ ಇರಲಿಲ್ಲ. ಶಕ್ತಿ, ನ್ಯಾಯ, ಸಂಯಮ ಎಂಬ ಮೂರು ಸದ್ಗುಣಗಳು ಡೆಕ್ಕಿನಲ್ಲಿರುವಾಗ ನಾಲ್ಕನೆಯದಾದ ವಿವೇಕವೂ ಇರಲೇಬೇಕೆಂದು ಅವರು ತೀರ್ಮಾನಿಸಿದರು. ಒಂದು ಕಾಲನ್ನು ಊರಿ, ಇನ್ನೊಂದನ್ನು ಎಲ್ಲಿಡಲಿ ಎಂದು ಯೋಚಿಸುತ್ತ ನಿಂತ ಮನುಷ್ಯನನ್ನು ಕಾರ್ಡು ತಯಾರಿಸುವವರು ತಿಳಿಯದೆ ತಲೆಕೆಳಗಾಗಿ ಅಚ್ಚು ಹಾಕಿದರು ಎಂಬುದು ಅವರ ವಿವರಣೆ. ಅದು ತಪ್ಪೇ. ಆದರೂ ಆ ತಪ್ಪಿನಿಂದಲೇ ಈ ಕಾರ್ಡಿಗೆ ಅಪರಾಧ, ಶಿಕ್ಷೆಗಳನ್ನು ಬಿಟ್ಟು ಎಚ್ಚರಿಕೆ ಮತ್ತು ಆಲೋಚನೆಗಳ ಅರ್ಥ ಮೊದಲ ಬಾರಿಗೆ ಬಂತು. ಎತ್ತೆಯಾ ಎಂಬ ಹೆಸರಿನಲ್ಲಿ ಟ್ಯಾರೋ ಭವಿಷ್ಯವನ್ನು ವೃತ್ತಿಯಾಗಿಸಿಕೊಂಡ ಜಾನ್ ಬ್ಯಾಪ್ಟಿಸ್ಟ್ ಆಲಿಯೆತ್ 1789ರ ಹೊತ್ತಿಗೆ ತಮ್ಮದೇ ಡೆಕ್ ಮಾಡಿಸಿದಾಗ ನೇತಾಡುವವನನ್ನು ತೆಗೆದುಹಾಕಿ, ಆ ಜಾಗದಲ್ಲಿ ವಿವೇಕದ ಸಂಕೇತವಾಗಿ ಒಬ್ಬ ಹೆಂಗಸನ್ನೇ ನಿಲ್ಲಿಸಿದರು.

ಮುಂದಿನ ಶತಮಾನದಲ್ಲಿ ಎಲಿಫಾಸ್ ಲೆವಿ ಎಂಬ ಫ್ರೆಂಚ್ ಲೇಖಕರು ಮೇಜರ್ ಅರ್ಕಾನಾ ಎಂಬ 22 ಮುಖ್ಯ ಚಿತ್ರಕಾರ್ಡುಗಳನ್ನು ಹೀಬ್ರೂ ಭಾಷೆಯ 22 ಅಕ್ಷರಗಳಿಗೆ ಜೋಡಿಸಿದರು. 1888ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಗೋಲ್ಡನ್ ಡಾನ್ ಎಂಬ ಗುಪ್ತಸಂಘ ಆ ಜೋಡಣೆಯನ್ನು ತಿದ್ದಿ, ಹ್ಯಾಂಗ್ಡ್ ಮ್ಯಾನ್ ಕಾರ್ಡಿಗೆ ಮೆಮ್ ಎಂಬ ಅಕ್ಷರವನ್ನೂ ಜಲತತ್ತ್ವವನ್ನೂ ಕೊಟ್ಟಿತು. ಈಗಿನ ಅನೇಕ ಪುಸ್ತಕಗಳಲ್ಲಿ ಈ ಕಾರ್ಡಿನ ಜೊತೆ ನೀರು, ಪ್ರತಿಬಿಂಬ, ಮುಳುಗುವಿಕೆ ಎಂಬ ಮಾತುಗಳು ಕಾಣಿಸುವುದು ಅಲ್ಲಿಂದ ಬಂದದ್ದು, ಚಿತ್ರದಲ್ಲಿ ನೀರಿನ ಸುಳಿವೂ ಇಲ್ಲ. ವೇಟ್ ಮತ್ತು ಸ್ಮಿತ್ ಇಬ್ಬರೂ ಆ ಸಂಘದ ಪರಂಪರೆಯಲ್ಲಿದ್ದವರು. ಆದರೂ ಹುತಾತ್ಮತೆ, ವಿವೇಕ, ಕರ್ತವ್ಯ ಎಂಬ ಹಿಂದಿನ ವಿವರಣೆಗಳನ್ನೆಲ್ಲ ವೇಟ್ ಪೊಳ್ಳೆಂದು ತಳ್ಳಿಹಾಕಿ, ದೈವಕ್ಕೂ ವಿಶ್ವಕ್ಕೂ ಇರುವ ಸಂಬಂಧದ ಒಂದು ಮುಖವನ್ನು ಇದು ಹೇಳುತ್ತದೆ ಎಂದಷ್ಟೇ ಬರೆದು ಮುಂದೆ ಸಾಗಿದರು. ಅವರ ಆ ಮಾತಿಗಿಂತ ಸ್ಮಿತ್ ಅವರ ಚಿತ್ರವೇ ಹೆಚ್ಚು ಸ್ಪಷ್ಟವಾಗಿ ಮಾತನಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ದ್ರೋಹಿಯನ್ನು ತೂಗುಹಾಕಿದ್ದ ಒಣಗಂಬಕ್ಕೆ ಎಲೆ ಚಿಗುರಿಸಿ, ಜನ ಉಗಿಯುತ್ತಿದ್ದ ತಲೆಯ ಸುತ್ತ ಪ್ರಭಾವಳಿ ಇಟ್ಟದ್ದರಲ್ಲಿ ಹಳೆಯ ಅರ್ಥವೂ ಇದೆ, ಅದನ್ನು ಮೀರಿದ ಹೊಸ ಅರ್ಥವೂ ಇದೆ.

ಕೆಲವರು ಇದನ್ನು ಉತ್ತರ ಯೂರೋಪಿನ ಓಡಿನ್ ದೇವತೆಯ ಕಥೆಗೆ ಜೋಡಿಸುತ್ತಾರೆ. ಗಾಳಿಗೆ ಅಲುಗುವ ಮರದಲ್ಲಿ ಈಟಿಯ ಗಾಯದೊಂದಿಗೆ ಒಂಬತ್ತು ರಾತ್ರಿ ತೂಗಿ, ತನ್ನನ್ನು ತನಗೇ ಬಲಿಕೊಟ್ಟು, ರೂನ್ ಅಕ್ಷರಗಳ ಜ್ಞಾನ ಪಡೆದ ಆ ಕಥೆ ಸುಂದರವಾಗಿದೆ, ಕಾರ್ಡನ್ನು ಧ್ಯಾನಿಸಲು ನೆರವಾಗುತ್ತದೆ. ಆದರೆ ಆ ಹಳೆಯ ಪದ್ಯ ಓಡಿನ್ ತಲೆಕೆಳಗಾಗಿದ್ದನೆಂದು ಹೇಳುವುದಿಲ್ಲ, ಮಿಲಾನಿನ ಚಿತ್ರಕಾರರಿಗೆ ಅದು ತಿಳಿದಿತ್ತೆನ್ನಲು ಆಧಾರವೂ ಇಲ್ಲ. ಕನ್ನಡದವರ ಮನಸ್ಸಿಗೆ ಥಟ್ಟನೆ ಬರುವುದು ತ್ರಿಶಂಕು. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಅವನೂ ತಲೆಕೆಳಗಾಗಿಯೇ ಬೀಳುತ್ತಾನೆ, ವಿಶ್ವಾಮಿತ್ರನ ಮಾತಿಗೆ ನಡುದಾರಿಯಲ್ಲಿ ನಿಲ್ಲುತ್ತಾನೆ. ಈ ಕಾರ್ಡನ್ನು ನೋಡಿದ ಕೂಡಲೇ ನಮ್ಮವರು ‘ತ್ರಿಶಂಕು ಸ್ಥಿತಿ’ ಎಂದುಬಿಡುವುದು ಸುಲಭ, ಆದರೆ ಓದು ದಾರಿ ತಪ್ಪುವುದೂ ಅಲ್ಲೇ. ತ್ರಿಶಂಕು ಸಶರೀರ ಸ್ವರ್ಗಕ್ಕೆ ಹೋಗಬೇಕೆಂದು ಹಟ ಹಿಡಿದವನು. ಇಂದ್ರ ಅವನನ್ನು ತಳ್ಳಿದ, ವಿಶ್ವಾಮಿತ್ರ ತಡೆದ, ಅಲ್ಲಿ ನಿಂತದ್ದು ಅವನ ಆಯ್ಕೆಯಾಗಿರಲಿಲ್ಲ. ಸ್ಮಿತ್ ಅವರ ಮನುಷ್ಯನ ಸಡಿಲವಾದ ಎಡಗಾಲು, ಶಾಂತವಾದ ಮುಖ ಎರಡೂ ಹೇಳುವುದು ಅವನು ಆ ನಿಲುವನ್ನು ಒಪ್ಪಿಕೊಂಡಿದ್ದಾನೆ ಎಂಬುದನ್ನು.

ಈಗ ಭವಿಷ್ಯಸೂಚನೆಯ ಅರ್ಥಕ್ಕೆ ಬರೋಣ. 1911ರಲ್ಲಿ ಚಿತ್ರಗಳೊಂದಿಗೆ ಪ್ರಕಟವಾದ ತಮ್ಮ ಕೈಪಿಡಿಯಲ್ಲಿ ವೇಟ್ ನೇರವಾಗಿ ಬಂದ ಹ್ಯಾಂಗ್ಡ್ ಮ್ಯಾನ್ ಕಾರ್ಡಿಗೆ ಜ್ಞಾನ, ಮುಂದಾಲೋಚನೆ, ವಿವೇಚನೆ, ಪರೀಕ್ಷೆಗಳು, ತ್ಯಾಗ, ಅಂತಃಸ್ಫುರಣೆ, ಭವಿಷ್ಯದೃಷ್ಟಿ ಎಂಬ ಅರ್ಥಗಳನ್ನು ಕೊಟ್ಟಿದ್ದಾರೆ. ಈ ಪಟ್ಟಿಯಲ್ಲಿ ದ್ರೋಹವೆಂಬ ಮಾತೇ ಇಲ್ಲ. ಆದ್ದರಿಂದ ವೇಟ್ ಅವರ ಡೆಕ್ ಹಿಡಿದು, ವೇಟ್ ಅವರೇ ಪ್ರಕಟಿಸಿ ಜನಪ್ರಿಯಗೊಳಿಸಿದ ಸೆಲ್ಟಿಕ್ ಕ್ರಾಸ್ ಹಾಕಿ, ನಂಬಿದವರು ಕೈಕೊಡುತ್ತಾರೆ ಎಂದು ನುಡಿಯುವುದು ಆ ಪದ್ಧತಿಯ ಒಳಗಿನಿಂದಲೇ ಸಲ್ಲದ ಓದು. ಇಂದಿನ ಓದುಗರು ಈ ಪಟ್ಟಿಯಲ್ಲಿರುವ ತ್ಯಾಗ ಮತ್ತು ಮುಂದಾಲೋಚನೆಗಳನ್ನು ಹಿಗ್ಗಿಸಿ, ಕಾಯುವಿಕೆ, ಹಟ ಬಿಡುವುದು, ಬೇರೆ ದಿಕ್ಕಿನಿಂದ ನೋಡುವುದು ಎಂದು ವಿವರಿಸುತ್ತಾರೆ. ಅದು ಚಿತ್ರಕ್ಕೆ ಹೊಂದುತ್ತದೆ. ಆದರೆ ಎಲ್ಲ ಕಾಯುವಿಕೆಯೂ ಈ ಕಾರ್ಡಿನದಲ್ಲ. ನಾಲ್ಕು ಸ್ವೋರ್ಡ್ಸ್ (ಕತ್ತಿಗಳು) ಕಾರ್ಡಿನಲ್ಲಿ ಯೋಧನೊಬ್ಬನ ಪ್ರತಿಮೆ ಗೋರಿಯ ಮೇಲೆ ಕೈಮುಗಿದು ಮಲಗಿದೆ, ಅದು ದಣಿವಾರಿಸಿಕೊಳ್ಳುವ ಬಿಡುವು. ಎರಡು ಸ್ವೋರ್ಡ್ಸ್ ಕಾರ್ಡಿನ ಹೆಂಗಸು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎರಡು ಕತ್ತಿಗಳನ್ನು ಎದೆಯ ಮೇಲೆ ಅಡ್ಡ ಹಿಡಿದಿದ್ದಾಳೆ, ಅದು ನಿರ್ಧರಿಸಲಾರದ ಬಿಗಿತ. ಎಂಟು ಸ್ವೋರ್ಡ್ಸ್ ಕಾರ್ಡಿನವಳನ್ನು ಕಟ್ಟಿಹಾಕಿದ್ದಾರೆ. ಹ್ಯಾಂಗ್ಡ್ ಮ್ಯಾನ್ ಇವರೆಲ್ಲರಿಗಿಂತ ಬೇರೆಯಾಗಿರುವುದು ಕಣ್ಣು ತೆರೆದಿರುವುದರಿಂದ. ಅವನು ನೋಡುತ್ತಿದ್ದಾನೆ, ಅವನಿಗೆ ಜಗತ್ತು ತಲೆಕೆಳಗಾಗಿ ಕಾಣುತ್ತಿದೆ, ಆ ನೋಟಕ್ಕಾಗಿ ತನ್ನ ಚಲನೆಯನ್ನು ಬಿಟ್ಟುಕೊಟ್ಟಿದ್ದಾನೆ.

ಇದಕ್ಕೆ ಇನ್ನೊಂದು ಆಸಕ್ತಿಕರ ಪುರಾವೆಯನ್ನು ನೀವೇ ಮನೆಯಲ್ಲಿ ನೋಡಬಹುದು. 12ನೆಯ ಕಾರ್ಡಾದ ಇದನ್ನು ತಿರುಗಿಸಿ, 21ನೆಯ ಕಾರ್ಡಾದ ವರ್ಲ್ಡ್ ಪಕ್ಕದಲ್ಲಿಡಿ. ಹಸಿರು ಮಾಲೆಯ ನಡುವೆ ಕುಣಿಯುವ ಆ ಹೆಂಗಸೂ ಒಂದು ಕಾಲನ್ನು ಇನ್ನೊಂದರ ಹಿಂದೆ ಮಡಿಸಿಯೇ ನಿಂತಿದ್ದಾಳೆ. ಅಲ್ಲಿ ಕೈಗಳು ಚಾಚಿವೆ, ಇಲ್ಲಿ ಬೆನ್ನ ಹಿಂದಿವೆ, ಕಾಲಿನ ಭಂಗಿ ಮಾತ್ರ ಎರಡೂ ಕಡೆ ಒಂದೇ. ಸ್ಮಿತ್ ಇದನ್ನು ಹೊಸದಾಗಿ ಕಲ್ಪಿಸಿದ್ದಲ್ಲ, ಅವರಿಗಿಂತ ಹಿಂದಿನ, ಮಾರ್ಸೇ ಎಂಬ ಹಳೆಯ ಫ್ರೆಂಚ್ ಮಾದರಿಯ ಡೆಕ್ಕುಗಳಲ್ಲೂ ಈ ಹೋಲಿಕೆ ಇದೆ. ಇವೆರಡೂ ಒಂದೇ ಸ್ಪ್ರೆಡ್‌ನಲ್ಲಿ, ಅಂದರೆ ಒಮ್ಮೆ ಹಾಸಿದ ಕಾರ್ಡುಗಳ ಜೋಡಣೆಯಲ್ಲಿ, ಬಂದಾಗ, ಈಗಿನ ತಡೆ ಒಂದು ಕೆಲಸದ ಪೂರ್ಣತೆಗೆ ಬೇಕಾದ ತಡೆ ಎಂದು ಓದುವುದು ಹಲವು ಅನುಭವಿಗಳ ರೂಢಿ. ನನಗೆ ಅದು ಒಪ್ಪಿಗೆಯಾಗುತ್ತದೆ, ಏಕೆಂದರೆ ಅದರ ಆಧಾರ ಚಿತ್ರದಲ್ಲಿಯೇ ಇದೆ.

ನಿಮ್ಮ ಸ್ಪ್ರೆಡ್‌ನಲ್ಲಿ ವರ್ಲ್ಡ್ ಬಂದಿಲ್ಲ, ಬಂದಿರುವುದು ಚಾರಿಯಟ್. ಒಂಬತ್ತನೆಯ ಜಾಗ ಆಸೆ ಮತ್ತು ಅಂಜಿಕೆಗಳದ್ದು, ಅಲ್ಲಿ ಈ ಎರಡೂ ಬೆರೆತಿರುತ್ತವೆ ಎಂಬುದನ್ನು ಮರೆಯಬಾರದು. ಚಾರಿಯಟ್ ಮುನ್ನುಗ್ಗುವ ಗೆಲುವಿನ ಕಾರ್ಡೆಂದು ಎಲ್ಲರೂ ಹೇಳುತ್ತಾರೆ. ಆದರೆ ಅದರ ಸವಾರನ ಕೈಯಲ್ಲಿ ಲಗಾಮಿಲ್ಲ, ರಥದ ಮುಂದಿರುವ ಕಪ್ಪು, ಬಿಳಿ ಸ್ಫಿಂಕ್ಸ್‌ಗಳು ಕುಳಿತೇ ಇವೆ. ನಿಮ್ಮ ಪ್ರಶ್ನೆಗೆ ಇದನ್ನು ಹೊಂದಿಸಿದರೆ, ಪುಣೆಗೆ ಹೊರಡುವ ಉತ್ಸಾಹವೂ, ಹೊರಟ ಮೇಲೆ ಅದು ಕೈಮೀರಿದರೆ ಎಂಬ ಅಳುಕೂ ಒಟ್ಟಿಗೆ ನಿಮ್ಮಲ್ಲಿವೆ ಎಂದಾಗುತ್ತದೆ. ಮೊದಲ ಜಾಗದ ಎಂಟು ಪೆಂಟಕಲ್ಸ್‌ನಲ್ಲಿ ಕುಶಲಕರ್ಮಿಯೊಬ್ಬ ಬೆಂಚಿನ ಮೇಲೆ ಕುಳಿತು, ಉಳಿ ಸುತ್ತಿಗೆ ಹಿಡಿದು, ಒಂದಾದ ಮೇಲೊಂದು ಬಿಲ್ಲೆ ಕೆತ್ತುತ್ತಿದ್ದಾನೆ, ಅವನ ಊರು ದೂರದಲ್ಲಿದೆ. ಕೈಕೆಲಸದಲ್ಲಿ ನುರಿಯುತ್ತಿರುವ ವಿನ್ಯಾಸಕಿಗೆ ಇದಕ್ಕಿಂತ ಹೊಂದುವ ಕಾರ್ಡು ಸಿಗುವುದು ಕಷ್ಟ. ಇವುಗಳ ನಂತರ ಹತ್ತನೆಯದಾಗಿ ಬಂದ ಹ್ಯಾಂಗ್ಡ್ ಮ್ಯಾನ್ ಅನ್ನು ನಾನು ಹೀಗೆ ಓದುತ್ತೇನೆ: ಹೋಗು ಅಥವಾ ಹೋಗಬೇಡ ಎಂಬ ಉತ್ತರ ಈ ಕಾರ್ಡಿನಲ್ಲಿಲ್ಲ. ಕೊಟ್ಟಿರುವ ತಿಂಗಳನ್ನು ಪೂರ್ತಿ ಬಳಸಿಕೊಳ್ಳಿ, ಪ್ರಶ್ನೆಯನ್ನೇ ಒಮ್ಮೆ ತಿರುಗಿಸಿ ನೋಡಿ ಎಂಬ ಸೂಚನೆ ಇದೆ. ಹೆಚ್ಚಿನ ಸಂಬಳಕ್ಕಾಗಿ ಏನನ್ನು ಬಿಡಬೇಕಾಗುತ್ತದೆ ಎಂದು ಈವರೆಗೆ ಕೇಳಿಕೊಂಡಿದ್ದರೆ, ಈಗಿನ ಜಾಗದಲ್ಲೇ ಉಳಿಯುವುದಕ್ಕಾಗಿ ಈಗಾಗಲೇ ಏನೇನನ್ನು ಬಿಟ್ಟಿದ್ದೀರಿ ಎಂದು ಕೇಳಿಕೊಳ್ಳಿ. ಸ್ಪ್ರೆಡ್‌ನ ಉಳಿದ ಏಳು ಕಾರ್ಡುಗಳನ್ನು ನೀವು ಬರೆದಿಲ್ಲ, ಅವುಗಳ ಜೊತೆ ಇಟ್ಟು ನೋಡಿದರೆ ಈ ಓದು ಬದಲಾಗಬಹುದು. ಒಂದೇ ಒಂದು ಕಾರ್ಡನ್ನು ಎತ್ತಿ ಹಿಡಿದು ಹೆದರಿಸಿದ್ದು ಆ ಭವಿಷ್ಯಕಾರರ ಓದಿನ ದೊಡ್ಡ ಕೊರತೆ.

ತಿರುಗಿ ಬಂದ ಕಾರ್ಡಿನ ಬಗ್ಗೆ ನೀವು ಕೇಳಿದ್ದು ಸೂಕ್ಷ್ಮವಾದ ಪ್ರಶ್ನೆ. ಮನುಷ್ಯ ನೆಟ್ಟಗಾದ ಮಾತ್ರಕ್ಕೆ ಅರ್ಥ ಒಳ್ಳೆಯದಾಗುವುದಿಲ್ಲ. ಕಾರ್ಡನ್ನು ತಿರುಗಿಸಿ ಹಿಡಿದು ನೋಡಿ, ಅವನು ಒಂಟಿಕಾಲಿನಲ್ಲಿ ಕುಣಿಯುವಂತೆ ಕಾಣುತ್ತಾನೆ, ಆದರೆ ಪಾದದ ಕಟ್ಟು ಹಾಗೇ ಇದೆ, ಈಗ ತಲೆಕೆಳಗಾಗಿರುವುದು ಮರ. ವೇಟ್ ಇದಕ್ಕೆ ಸ್ವಾರ್ಥ, ಜನಜಂಗುಳಿ, ರಾಜ್ಯವೆಂಬ ಜನಸಮೂಹ ಎಂಬ ಅರ್ಥಗಳನ್ನು ಕೊಟ್ಟರು. ಮೊದಲ ನೋಟಕ್ಕೆ ಈ ಪಟ್ಟಿ ಅಸಂಬದ್ಧವೆನಿಸುತ್ತದೆ, ಎಷ್ಟೋ ಕೈಪಿಡಿಗಳು ಕೊನೆಯ ಎರಡನ್ನು ಬಿಟ್ಟೇಬಿಡುತ್ತವೆ. ನನಗೆ ಮಾತ್ರ ಅವೇ ಮುಖ್ಯವೆನಿಸುತ್ತವೆ. ಬೇರೆಲ್ಲರಿಗಿಂತ ಭಿನ್ನವಾದ ದಿಕ್ಕಿನಿಂದ ನೋಡುತ್ತಿದ್ದವನು ಕಾರ್ಡು ತಿರುಗಿದಾಗ ಎಲ್ಲರಂತೆಯೇ ನಿಂತುಬಿಡುತ್ತಾನೆ, ಎಲ್ಲರ ನೋಟವೇ ಅವನದೂ ಆಗುತ್ತದೆ. ತನ್ನದಾದ ಅರಿವನ್ನು ಬಿಟ್ಟು ಗುಂಪಿನ ಮಾತಿಗೆ ತಲೆದೂಗುವುದು, ಫಲವಿಲ್ಲದೆ ಎಳೆದುಕೊಂಡು ಹೋಗುತ್ತಿರುವ ಕಾಯುವಿಕೆ, ನಾನು ಎಷ್ಟು ತ್ಯಾಗ ಮಾಡಿದೆ ಎಂದು ಮತ್ತೆ ಮತ್ತೆ ತೋರಿಸಿಕೊಳ್ಳುವ ತ್ಯಾಗ, ಇವು ತಿರುಗಿದ ಹ್ಯಾಂಗ್ಡ್ ಮ್ಯಾನ್‌ನ ಅರ್ಥಗಳೆಂದು ಓದಿದರೆ ವೇಟ್ ಅವರ ಮಾತಿಗೂ ಚಿತ್ರಕ್ಕೂ ಹೊಂದಿಕೆ ಬರುತ್ತದೆ. ತಿರುಗಿದ ಕಾರ್ಡುಗಳಿಗೆ ಬೇರೆ ಅರ್ಥ ಕೊಡುವ ಪದ್ಧತಿಯನ್ನು ಬೆಳೆಸಿದವರಲ್ಲಿ ಮೇಲೆ ಹೇಳಿದ ಎತ್ತೆಯಾ ಪ್ರಮುಖರು. ಅದನ್ನು ಒಪ್ಪದೆ ಎಲ್ಲ ಕಾರ್ಡುಗಳನ್ನೂ ನೇರವಾಗಿಯೇ ಓದುವವರೂ ಬಹಳಷ್ಟು ಮಂದಿ ಇದ್ದಾರೆ. ಎರಡೂ ಸರಿಯೇ, ಆದರೆ ಯಾವುದನ್ನು ಅನುಸರಿಸುತ್ತೀರೆಂದು ಕಾರ್ಡು ಕಲೆಸುವ ಮೊದಲೇ ತೀರ್ಮಾನಿಸಿಕೊಳ್ಳಬೇಕು, ಬಂದ ಕಾರ್ಡನ್ನು ನೋಡಿದ ಮೇಲಲ್ಲ.

ಪರಿಹಾರದ ವಿಷಯದಲ್ಲಿ ನನ್ನ ಮಾತು ನೇರವಾಗಿದೆ: ಮಾಡಿಸಬೇಡಿ. ಟ್ಯಾರೋ ಪದ್ಧತಿಯಲ್ಲಿ ಒಂದು ಕಾರ್ಡು ಬಂದದ್ದಕ್ಕೆ ಶಾಂತಿ ಮಾಡಿಸುವ ಕ್ರಮವೇ ಇಲ್ಲ. ಜೆಬೆಲಾನ್, ಎತ್ತೆಯಾ, ವೇಟ್ ಯಾರೂ ಅಂಥದ್ದನ್ನು ವಿಧಿಸಿಲ್ಲ, ನಮ್ಮ ಜ್ಯೋತಿಷ್ಯದ ಗ್ರಹಶಾಂತಿಯ ಕಲ್ಪನೆಯನ್ನು ತಂದು ಇದಕ್ಕೆ ಅಂಟಿಸಿದ್ದಾರೆ ಅಷ್ಟೇ. ಕಲೆಸಿ ತೆಗೆದ ಕಾರ್ಡುಗಳು ಮುಂದಾಗುವುದನ್ನು ಮೊದಲೇ ತಿಳಿಸಬಲ್ಲವು ಎಂಬುದಕ್ಕೆ ಪುರಾವೆಯಿಲ್ಲ. ಮನಸ್ಸಿನಲ್ಲಿ ಈಗಾಗಲೇ ಇರುವುದನ್ನು ಎದುರಿಗಿಟ್ಟುಕೊಂಡು ಯೋಚಿಸಲು ಅವು ನೆರವಾಗುತ್ತವೆ ಎಂಬ ನಂಬಿಕೆಯಿಂದಲೇ ನಾನು ಅವುಗಳ ಬಗ್ಗೆ ಇಷ್ಟು ಅಕ್ಕರೆಯಿಂದ ಬರೆಯುತ್ತೇನೆ. ಪುಣೆಯವರಿಗೆ ಉತ್ತರ ಕೊಡುವ ಮೊದಲು ಇನ್ನೊಮ್ಮೆ ಕಾರ್ಡು ಹಾಕಿಸಬೇಕೆನಿಸಿದರೆ, ಹತ್ತು ಕಾರ್ಡುಗಳ ಅಗತ್ಯವಿಲ್ಲ, ಬೇರೆಯವರ ಬಳಿ ಹೋಗುವ ಅಗತ್ಯವೂ ಇಲ್ಲ. ಗೆಳತಿಯ ಡೆಕ್ಕಿನಿಂದ ಹ್ಯಾಂಗ್ಡ್ ಮ್ಯಾನ್ ಅನ್ನು ನೀವೇ ಆರಿಸಿ ಮೇಜಿನ ನಡುವೆ ಇಡಿ. ಅದರ ಎಡಕ್ಕೆ ಉಳಿಯುವುದಕ್ಕೆ, ಬಲಕ್ಕೆ ಹೊರಡುವುದಕ್ಕೆ ಎಂದು ಒಂದೊಂದು ಕಾರ್ಡು ತೆಗೆದು, ಆ ಎರಡು ಚಿತ್ರಗಳಲ್ಲಿ ಏನು ಕಾಣುತ್ತದೆಂದು ಕೈಪಿಡಿ ತೆರೆಯುವ ಮೊದಲೇ ಒಂದು ಕಾಗದದಲ್ಲಿ ಬರೆದುಕೊಳ್ಳಿ.